ಕಾವ್ಯಪಾಠದ ಪರಿಕರಗಳು: ಓಲೆಗರಿಯಿಂದ ಅಂತರ್ಜಾಲದವರೆಗೆ

ಚಾಲುಕ್ಯ ತೈಲಪನ ಕಾಲದಲ್ಲಿ ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯು ಪೊನ್ನಕವಿಯ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿಯು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಅಲ್ಪಸ್ವಲ್ಪ ಬಲ್ಲವರಿಗೂ ವಿದಿತವಾದುದೇ. ಆಕೆಯ ಆಶ್ರಯದಲ್ಲಿ ರನ್ನನು ಅಜಿತಪುರಾಣವನ್ನು ಮುಗಿಸಿದುದು ಕ್ರಿ. ಶ. ೯೯೩ರಲ್ಲಿ. ಈ ಪ್ರತಿದಾನವನ್ನು ಧರ್ಮಶ್ರದ್ಧೆಯ ನಿದರ್ಶನವೆಂದು ಹೊಗಳುವುದುಂಟು, ಅದು ಯುಕ್ತವೇ. ಆದರೆ ಕಾವ್ಯವನ್ನು ಓದಿಸುವವರ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಇನ್ನೊಂದು ವಿಷಯವೂ ಅಡಗಿರುವುದು. ಓಲೆಯ ಆಯುಸ್ಸು ಪರಿಮಿತ. ಹುಳು, ಗೆದ್ದಲು, ತೇವ, ಬೆಂಕಿ ಇವುಗಳಿಂದ ಉಳಿದ ಓಲೆಯೂ ಕೆಲವು ತಲೆಮಾರುಗಳಲ್ಲಿ ಜೀರ್ಣವಾಗುವುದು. ಹಳೆಯ ಪ್ರತಿ ಸಾಯುವುದಕ್ಕೆ ಮುಂಚೆ ಹೊಸ ಪ್ರತಿ ಹುಟ್ಟದಿದ್ದರೆ ಕಾವ್ಯದ ಸಂತತಿ ಅಲ್ಲಿಗೆ ಮುಗಿಯಿತು. ಪೊನ್ನನದೇ ಆದ ಭುವನೈಕರಾಮಾಭ್ಯುದಯವು ಇಂದು ಉಪಲಬ್ಧವಿಲ್ಲ. ರನ್ನನ ಪರಶುರಾಮಚರಿತ ಚಕ್ರೇಶ್ವರಚರಿತಗಳಿಗೂ ಅದೇ ಗತಿಯಾಯಿತು. ಶಾಂತಿಪುರಾಣವು ಉಳಿಯಿತು.

ಇಂದು ಒಂದು ಕಾವ್ಯದ ಸಾವಿರ ಪ್ರತಿಗಳನ್ನು ಮಾಡುವುದಕ್ಕೆ ಲಿಪಿಕಾರರೂ ಬೇಡ, ಅಚ್ಚಿನ ಮನೆಯೂ ಬೇಡ. ಅಂತರ್ಜಾಲದಲ್ಲಿ ಒಂದೆಡೆ ಇರಿಸಿದ ಗ್ರಂಥವನ್ನು ಬೀದರಿನ ಉಪಾಧ್ಯಾಯರೂ ಚಾಮರಾಜನಗರದ ವಿದ್ಯಾರ್ಥಿಯೂ ಏಕಕಾಲದಲ್ಲಿ ತೆರೆಯಬಹುದು. ಹೀಗಿದ್ದರೂ ಪ್ರಾಚೀನ ಕಾವ್ಯಗಳ ಪಾಠವು ಶಾಲಾಕಾಲೇಜುಗಳಲ್ಲಿ ಮೊದಲಿಗಿಂತ ಸುಲಭವಾಯಿತೆಂದು ಎದೆತಟ್ಟಿ ಹೇಳುವ ಅಧ್ಯಾಪಕರು ವಿರಳ. ಪ್ರತಿ ದೊರೆಯುವುದು ಬೇರೆ, ಪಾಠ ನಡೆಯುವುದು ಬೇರೆ. ಈ ಎರಡರ ನಡುವಣ ಕಂದಕವನ್ನು ಯಾರು ಯಾರು ಯಾವ ಯಾವ ಕಾಲದಲ್ಲಿ ಹೇಗೆ ದಾಟಿದರೆಂಬುದೇ ಪ್ರಕೃತ ಲೇಖನದ ವಿಷಯ.

ಓಲೆಗರಿಯ ಗ್ರಂಥವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಕಾಠಿನ್ಯ ಗೊತ್ತಿರುವುದು. ಪದಪದಗಳ ನಡುವೆ ಬಿಡುವಿಲ್ಲ. ಪದ್ಯವನ್ನು ಪಾದಪಾದವಾಗಿ ಬಿಡಿಸಿ ಬರೆಯುವ ವಾಡಿಕೆಯಿಲ್ಲ. ವೃತ್ತವೂ ಕಂದವೂ ವಚನವೂ ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಒಂದೇ ಸಾಲಾಗಿ ಸಾಗುವುವು. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವನ್ನು ತೋರಿಸದ ಪ್ರತಿಗಳೇ ಹೆಚ್ಚು. ಕೊನೆಯಲ್ಲಿ ಲಿಪಿಕಾರನು, ತಾನು ಕಂಡಂತೆ ಬರೆದಿರುವೆನೆಂದೂ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದೂ ವಿನಯದಿಂದ ಒಂದು ಮಾತನ್ನು ಸೇರಿಸಿ ಕೈತೊಳೆದುಕೊಳ್ಳುವನು. ತಿದ್ದುವವರಾರು? ಗುರುವೇ. ಸಂಸ್ಕೃತ ಪಾಠಶಾಲೆಗಳಲ್ಲಿ ವ್ಯಾಖ್ಯಾನಕ್ಕೆ ಐದು ಅಂಗಗಳನ್ನು ಹೇಳಿರುವರು: ಪದಗಳನ್ನು ಬಿಡಿಸುವುದು, ಪದಕ್ಕೆ ಅರ್ಥ ಹೇಳುವುದು, ಸಮಾಸಗಳನ್ನು ವಿಗ್ರಹಿಸುವುದು, ವಾಕ್ಯವನ್ನು ಯೋಜಿಸುವುದು, ಆಕ್ಷೇಪವೆದ್ದಾಗ ಸಮಾಧಾನ ಹೇಳುವುದು. ಈ ಐದೂ ಗುರುವಿನ ನಾಲಗೆಯ ಮೇಲೆ ಇದ್ದುವು. ಓಲೆಯ ಮೇಲೆ ಇದ್ದುದು ಮೂಲ ಮಾತ್ರ.

ಆದರೂ ಗುರುವಿಗೂ ಆಸರೆ ಬೇಕಷ್ಟೆ. ಅಮರಕೋಶವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿಸುತ್ತಿದ್ದುದು ಈ ಕಾರಣದಿಂದಲೇ. ಕನ್ನಡದಲ್ಲಿ ನಾಗವರ್ಮನ ವಸ್ತುಕೋಶವೂ, ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನ ಶಬ್ದಮಣಿದರ್ಪಣವೂ ಹುಟ್ಟಿದುವು. ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನಿಗಾಗಿ ಸೂಕ್ತಿಸುಧಾರ್ಣವವೆಂಬ ಸಂಕಲನವನ್ನು ಮಾಡಿದನು. ಪೂರ್ವಕವಿಗಳ ಪದ್ಯಗಳನ್ನು ವರ್ಣನೆಯ ವಿಷಯಕ್ಕನುಸಾರವಾಗಿ ಆಯ್ದು ಜೋಡಿಸಿದ ಗ್ರಂಥವಿದು. ತಂದೆ ಆಯ್ದು ಕೊಟ್ಟನು, ಮಗನು ಸೂತ್ರಿಸಿ ಕೊಟ್ಟನು. ಒಂದೇ ಮನೆಯಲ್ಲಿ ಪಠ್ಯಸಂಕಲನವೂ ವ್ಯಾಕರಣವೂ ಸಿದ್ಧವಾದುದು ಕಾಕತಾಳೀಯವಿರಲಾರದು. ಆ ಮನೆಯಲ್ಲಿ ಕಾವ್ಯಪಾಠವು ನಡೆಯುತ್ತಿದ್ದಿರಬೇಕೆಂದು ಊಹಿಸಿದರೆ ತಪ್ಪಾಗದು. ಮೂಲವು ಕಾಲಕ್ಕೆ ತುತ್ತಾದ ಎಷ್ಟೋ ಕಾವ್ಯಗಳ ಪದ್ಯಗಳು ಇಂತಹ ಸಂಕಲನಗಳ ಮತ್ತು ಲಕ್ಷಣಗ್ರಂಥಗಳ ಉದಾಹರಣೆಗಳ ರೂಪದಲ್ಲಿ ಮಾತ್ರ ಉಳಿದಿರುವುವೆಂಬುದನ್ನೂ ಇಲ್ಲಿ ನೆನೆಯಬೇಕು.

ಅಚ್ಚಿನ ಯುಗವು ಕನ್ನಡ ಕಾವ್ಯಗಳಿಗೆ ಮಂಗಳೂರಿನಲ್ಲಿ ಸಮರ್ಥವಾಗಿ ಪ್ರಾರಂಭವಾಯಿತೆನ್ನಬಹುದು. ೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ೧೮೪೮ರಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ಜೈಮಿನಿಭಾರತ, ದಾಸರ ಪದಗಳು ಮುಂತಾದುವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ವೆಚ್ಚವನ್ನು ವಹಿಸಿದವರು ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿ. ಪರಮತದ ಪ್ರಚಾರಕ್ಕೆಂದು ಬಂದವರು ಈ ನಾಡಿನ ಪುರಾಣಗಳನ್ನೂ ಹರಿದಾಸರ ಹಾಡುಗಳನ್ನೂ ಸಂಗ್ರಹಿಸಿ ಅಚ್ಚುಹಾಕಿದುದು ವಿಚಿತ್ರವೆನಿಸಬಹುದು. ಜನರ ಮನಸ್ಸನ್ನು ತಿಳಿಯಬೇಕಾದರೆ ಅವರ ಗ್ರಂಥಗಳನ್ನು ಓದಬೇಕೆಂಬ ವಿವೇಕ ಅವರಿಗಿದ್ದಿತು. ಉದ್ದೇಶವೇನೇ ಇರಲಿ, ಫಲವು ಕನ್ನಡಕ್ಕೆ ದೊರೆಯಿತು.

ತರುವಾಯ ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸರು ಶಾಸನಗಳ ಜೊತೆಗೆ ಕಾವ್ಯಗಳನ್ನೂ ಬೆಳಕಿಗೆ ತಂದರು. ಅವರ ಸಂಪಾದನೆಯ ಪಂಪಭಾರತವು ೧೮೯೮ರಲ್ಲಿ ಪ್ರಕಟವಾಯಿತು. ಅದೇ ವರ್ಷ ಕೆ. ಬಿ. ಪಾಠಕರ ಕವಿರಾಜಮಾರ್ಗವೂ ಹೊರಬಂದಿತು. ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕಾವ್ಯಮಂಜರಿ, ಕಾವ್ಯಕಲಾನಿಧಿಗಳ ಮೂಲಕ ಪ್ರಾಚೀನ ಕಾವ್ಯಗಳನ್ನು ಕಂತುಕಂತಾಗಿ ಮನೆಮನೆಗೆ ಮುಟ್ಟಿಸಿದರು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಬಂದುವು. ಯಾವ ಕವಿ ಯಾವ ಕಾಲದವನು, ಏನು ಬರೆದನು, ಪ್ರತಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಗ್ರಂಥ ಆವರೆಗೆ ಇರಲಿಲ್ಲ. ಇಂದಿನ ಜಾಲತಾಣಗಳಲ್ಲಿ ಕವಿಗಳ ವಿಷಯವಾಗಿ ಕಾಣಬರುವ ಎಷ್ಟೋ ಟಿಪ್ಪಣಿಗಳು, ಹೆಸರನ್ನು ಹೇಳಿಯೋ ಹೇಳದೆಯೋ, ಈ ಕವಿಚರಿತೆಯ ಋಣದಲ್ಲಿಯೇ ಇರುವುವು.

ಈ ಕಾಲದ ಪರಿಕರಗಳಲ್ಲೆಲ್ಲ ಶಿರೋಮಣಿಯೆಂದರೆ ಫರ್ಡಿನಂಡ್ ಕಿಟ್ಟೆಲರ ನಿಘಂಟು. ೧೮೩೨ರಲ್ಲಿ ಜರ್ಮನಿಯಲ್ಲಿ ಹುಟ್ಟಿ ೧೮೫೩ರಲ್ಲಿ ಭಾರತಕ್ಕೆ ಬಂದ ಈತನು ಮೊದಲು ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಅಚ್ಚುಹಾಕಿಸಿದನು. ಕೋಶಕ್ಕೆ ಮುಂಚೆ ವ್ಯಾಕರಣವನ್ನೂ ಛಂದಸ್ಸನ್ನೂ ಹಿಡಿದ ಈ ಕ್ರಮವೇ ಆತನ ಪಾಂಡಿತ್ಯವು ಎಂತಹದೆಂಬುದಕ್ಕೆ ಸಾಕ್ಷಿ. ೧೮೯೪ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾದ ಆ ನಿಘಂಟಿನಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳಿರುವುವು. ಪದದ ಅರ್ಥವನ್ನು ಕೊಟ್ಟು ಸುಮ್ಮನಾಗದೆ, ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಅದರ ಬಂಧುಗಳಾವುವು, ತದ್ಭವವಾದರೆ ತತ್ಸಮವಾವುದು, ಯಾವ ಗ್ರಂಥದಲ್ಲಿ ಪ್ರಯೋಗವಿದೆ, ಯಾವ ಗಾದೆಯಲ್ಲಿ ಬಂದಿದೆ ಎಂಬುದನ್ನೂ ಅಲ್ಲಿ ಕಾಣಬಹುದು. ಕಿಟ್ಟೆಲರು ೧೯೦೩ರಲ್ಲಿ ತೀರಿಕೊಂಡರು. ಮದರಾಸು ವಿಶ್ವವಿದ್ಯಾಲಯವು ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ಆ ಕೋಶವನ್ನು ನಾಲ್ಕು ಸಂಪುಟಗಳಲ್ಲಿ ಮತ್ತೆ ಹೊರತಂದಿತು. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ ಬೃಹತ್ಕೋಶವನ್ನು ಕೈಗೊಂಡಿತು. ಅದರ ಮೊದಲನೆಯ ಸಂಪುಟ ೧೯೭೦ರಲ್ಲಿ ಬಂದರೆ ಎಂಟನೆಯದೂ ಕೊನೆಯದೂ ಆದ ಸಂಪುಟ ಬಂದುದು ೧೯೯೫ರಲ್ಲಿ. ಬಹುಕಾಲ ಅದರ ಪ್ರಧಾನ ಸಂಪಾದಕತ್ವವನ್ನು ವಹಿಸಿದ್ದ ಜಿ. ವೆಂಕಟಸುಬ್ಬಯ್ಯನವರ ಹೆಸರನ್ನು ಕನ್ನಡ ಕಲಿಸುವವರಾರೂ ಮರೆಯಲಾರರು.

ಮೂಲದ ಪ್ರಕಟಣೆಗೂ ಅದನ್ನು ತೆರೆಯುವ ಕೀಲಿಗೂ ಎಷ್ಟು ಅಂತರವಿರುವುದೆಂಬುದಕ್ಕೆ ಪಂಪಭಾರತವೊಂದೇ ಸಾಕು. ರೈಸರ ಮುದ್ರಣ ೧೮೯೮ರದು; ಬೆಳ್ಳಾವೆ ವೆಂಕಟನಾರಣಪ್ಪನವರ ಸಂಪಾದಕತ್ವದಲ್ಲಿ ಪರಿಷತ್ತಿನ ಪರಿಷ್ಕೃತ ಮುದ್ರಣ ೧೯೩೧ರದು; ಪದ್ಯಪದ್ಯಕ್ಕೂ ಕೈಹಿಡಿದು ನಡೆಯಿಸುವ ಡಿ. ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆ ಬಂದುದು ೧೯೭೧ರಲ್ಲಿ. ಎಂದರೆ ಮೂಲವು ಅಚ್ಚಾದ ಎಪ್ಪತ್ತಮೂರು ವರ್ಷಗಳ ತರುವಾಯ ದೀಪಿಕೆ ದೊರೆಯಿತು. ನಡುವೆ ಎರಡು ಮೂರು ತಲೆಮಾರಿನ ಉಪಾಧ್ಯಾಯರು ತಮಗೆ ತಿಳಿದಷ್ಟು ಹೇಳಿ, ತಿಳಿಯದ ಪದ್ಯವನ್ನು ದಾಟಿಸಿ, ಪಾಠವನ್ನು ನಡೆಯಿಸಿದರು. ದಾಟಿಸಿದ ಪದ್ಯಗಳೆಷ್ಟೆಂಬುದನ್ನು ಅವರೇ ಬಲ್ಲರು.

ವಚನಸಾಹಿತ್ಯದ ಕಥೆಯು ಇದಕ್ಕಿಂತ ಬೇರೆ. ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಮಠಗಳಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಯ ಕಟ್ಟುಗಳನ್ನು ಬೇಡಿ ತಂದು, ನಕಲುಮಾಡಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಮುಂದೆ ೧೯೨೫ರಲ್ಲಿ ಹಿತಚಿಂತಕ ಎಂಬ ತಮ್ಮದೇ ಮುದ್ರಣಾಲಯವನ್ನು ಇಟ್ಟು, ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದರು. ಈ ಕಾರ್ಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅವರು ಹಾಕಿದ ತಳಹದಿಯ ಮೇಲೆ ಅನೇಕ ವಿದ್ವಾಂಸರು ದುಡಿದುದರ ಫಲವಾಗಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಹದಿನೈದು ಸಂಪುಟಗಳಲ್ಲಿ ಕೊನೆಯದನ್ನು ಪಾರಿಭಾಷಿಕ ಪದಗಳ ಕೋಶಕ್ಕೆ ಮೀಸಲಿರಿಸಿದುದು ಸಂಪಾದಕರ ದೂರದೃಷ್ಟಿಗೆ ಸಾಕ್ಷಿಯಾಗಿದೆ. ಷಟ್‌ಸ್ಥಲ, ಪ್ರಾಣಲಿಂಗ, ಪ್ರಸಾದ ಮುಂತಾದ ಮಾತುಗಳ ಶಾಸ್ತ್ರಾರ್ಥವು ತಿಳಿಯದವನಿಗೆ ಸರಳವೆಂದು ತೋರುವ ವಚನವೇ ಕಬ್ಬಿಣದ ಕಡಲೆಯಾಗುವುದು.

ಇನ್ನು ಗಣಕಯಂತ್ರದ ಕಾಲಕ್ಕೆ ಬರುವ. ಸಾಹಿತ್ಯದ ಅಭ್ಯಾಸಕ್ಕೆ ಯಂತ್ರವನ್ನು ಹೂಡಿದವರಲ್ಲಿ ಮೊದಲಿಗನೆಂದು ಇಟಲಿಯ ಪಾದ್ರಿ ರೊಬರ್ತೊ ಬೂಸನನ್ನು ಹೇಳುವುದುಂಟು. ತೋಮಸ್ ಅಕ್ವಿನಾಸನ ಲ್ಯಾಟಿನ್ ಗ್ರಂಥಗಳಲ್ಲಿ ಯಾವ ಪದ ಎಲ್ಲೆಲ್ಲಿ ಬಂದಿದೆಯೆಂಬ ಪದಸೂಚಿಯನ್ನು ಯಂತ್ರದ ಮೂಲಕ ಮಾಡಬೇಕೆಂದು ಆತನು ೧೯೪೯ರಲ್ಲಿ ಐ. ಬಿ. ಎಂ. ಸಂಸ್ಥೆಯ ಸಹಾಯವನ್ನು ಪಡೆದನು. ಆ ಸೂಚಿಯು ೧೯೭೦ರ ದಶಕದಲ್ಲಿ ಐವತ್ತಾರು ಸಂಪುಟಗಳಾಗಿ ಹೊರಬಂದಿತು. ೧೯೭೧ರಲ್ಲಿ ಅಮೆರಿಕದ ಮೈಕೇಲ್ ಹಾರ್ಟನು ಹಕ್ಕುಮುಗಿದ ಗ್ರಂಥಗಳನ್ನು ಯಂತ್ರಕ್ಕೆ ಏರಿಸಿ ಎಲ್ಲರಿಗೂ ಹಂಚುವ ಗುಟೆನ್‌ಬರ್ಗ್ ಯೋಜನೆಯನ್ನು ತೊಡಗಿದನು. ಬೂಸನದು ಕೀಲಿಯ ಮಾರ್ಗ, ಹಾರ್ಟನದು ಪ್ರತಿಯ ಮಾರ್ಗ. ಕೇಶಿರಾಜನೂ ಅತ್ತಿಮಬ್ಬೆಯೂ ನಡೆದ ದಾರಿಗಳೇ ಇವು.

ಲ್ಯಾಟಿನ್ ಲಿಪಿಗೆ ಇಲ್ಲದ ಒಂದು ವಿಘ್ನವು ಕನ್ನಡಕ್ಕೆ ಎದುರಾಯಿತು. ೧೯೯೦ರ ದಶಕದಲ್ಲಿ ಕನ್ನಡದ ತಂತ್ರಾಂಶಗಳನ್ನು ಮಾಡಿದವರು ಇಂಗ್ಲಿಷ್ ಅಕ್ಷರಗಳಿಗೆ ಗೊತ್ತಾಗಿದ್ದ ಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು, ತಲೆಕಟ್ಟು ಕೊಂಬು ಒತ್ತುಗಳನ್ನು, ತಮತಮಗೆ ತೋರಿದಂತೆ ಕೂರಿಸಿದರು. ಒಬ್ಬರ ಅಕ್ಷರವಿನ್ಯಾಸದಲ್ಲಿ ಬರೆದುದನ್ನು ಮತ್ತೊಬ್ಬರ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿದ್ದಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡಿನಲ್ಲಿ ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಸಾಮಾನ್ಯರ ಯಂತ್ರಗಳಲ್ಲಿ ಅದು ಸರಿಯಾಗಿ ಮೂಡತೊಡಗಿದುದು ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಆ ಹತ್ತು ಹದಿನೈದು ವರ್ಷಗಳಲ್ಲಿ ಹಳೆಯ ವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡ ಗ್ರಂಥಗಳು ಅಪಾರ. ಅವನ್ನು ಹೊಸ ಸಂಕೇತಕ್ಕೆ ಪರಿವರ್ತಿಸದಿದ್ದರೆ ಹುಡುಕಲೂ ಆಗದು, ಓದಲೂ ಆಗದು. ಗೆದ್ದಲು ಹಿಡಿದ ಓಲೆಯಲ್ಲಿ ಅರ್ಧವಾದರೂ ಕಾಣುವುದು!

ಹಳಗನ್ನಡಕ್ಕೆ ಸಂಬಂಧಿಸಿದ ಒಂದು ವಿನೋದವಾದ, ಆದರೆ ಯೋಚಿಸತಕ್ಕ, ಸಂಗತಿಯನ್ನು ಇಲ್ಲಿ ಹೇಳಬೇಕು. ಕೇಶಿರಾಜನು ರೞ, ಕುಳ, ಕ್ಷಳಗಳ ಭೇದವನ್ನು ಎಷ್ಟು ಶ್ರದ್ಧೆಯಿಂದ ವಿವರಿಸಿರುವನೆಂಬುದು ಶಬ್ದಮಣಿದರ್ಪಣವನ್ನು ಓದಿದವರಿಗೆ ಗೊತ್ತು. ಆತನ ಕಾಲಕ್ಕಾಗಲೇ ೞಕಾರದ ಉಚ್ಚಾರಣೆ ಮಾಸುತ್ತಿದ್ದುದರಿಂದ ಆ ಶ್ರದ್ಧೆ ಅಗತ್ಯವಾಯಿತು. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ. ಆೞ್ ಎಂದರೆ ಮುಳುಗು, ಆಳ್ ಎಂದರೆ ಆಳು, ಸೇವಕ. ಯುದ್ಧವರ್ಣನೆಯ ಪದ್ಯವೊಂದರಲ್ಲಿ ಈ ಭೇದ ಅಳಿದರೆ ಬದುಕಬೇಕಾದವನು ಕತ್ತಿಯಾದಾನು. ಯೂನಿಕೋಡಿನಲ್ಲಿ ಈ ೞಕಾರಕ್ಕೂ ಒಂದು ಸ್ಥಾನವಿದೆ. ಆದರೆ ಅದಕ್ಕೆ ಹೆಸರಿಡುವಾಗ ಪ್ರಮಾದವಾಗಿ ಅದನ್ನು ಪರಭಾಷೆಯ ಶಬ್ದಗಳಲ್ಲಿ ಬರುವ ಫಕಾರವೆಂದು ನಮೂದಿಸಲಾಯಿತು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮ. ಆದಕಾರಣ ತಪ್ಪು ಹೆಸರು ಹಾಗೆಯೇ ಉಳಿದು, ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿರುವರು. ನಾಮಕರಣದಲ್ಲಿ ಪುರೋಹಿತನು ತಪ್ಪಿದರೆ ಕೂಸಿಗೆ ಬಂದೊದಗುವ ಗತಿ ಇದು. ಹೆಸರು ಹೇಗಾದರೂ ಇರಲಿ, ಅಕ್ಷರವಂತೂ ಇದೆ. ಬೆರಳಚ್ಚಿಸುವವರು ಅದನ್ನು ಬಳಸಿದರೆ ಸಾಕು. ಬಹಳ ಮಂದಿ ಬಳಸದೆ ೞಕಾರವಿದ್ದೆಡೆಯಲ್ಲೆಲ್ಲ ಳಕಾರವನ್ನು ಒತ್ತಿರುವರು.

ಇದರಂತೆಯೇ ಮತ್ತೊಂದು ಸಣ್ಣ ತಪ್ಪು ದೊಡ್ಡ ಹಾನಿಯನ್ನುಂಟುಮಾಡಿದೆ. ಅನುಸ್ವಾರದ ಬಿಂದುವೂ ಸೊನ್ನೆಯ ಅಂಕವೂ ನೋಡುವುದಕ್ಕೆ ಒಂದೇ ತೆರನಾಗಿರುವುದರಿಂದ ಅನೇಕರು ಅನುಸ್ವಾರಕ್ಕೆ ಬದಲಾಗಿ ಸೊನ್ನೆಯನ್ನು ಇಟ್ಟಿರುವರು. ಮನುಷ್ಯನ ಕಣ್ಣು ಇದನ್ನು ಕಾಣದು. ಯಂತ್ರಕ್ಕೆ ಅವೆರಡೂ ಬೇರೆ ಬೇರೆ; ಪಂಪನೆಂದು ಹುಡುಕಿದರೆ ಸೊನ್ನೆಯ ಪಂಪನು ದೊರೆಯುವುದೇ ಇಲ್ಲ. ವಿದ್ಯಾರ್ಥಿಯು ಆ ಪದವೇ ಗ್ರಂಥದಲ್ಲಿಲ್ಲವೆಂದು ತಿಳಿದು ಮುಂದೆ ಹೋಗುವನು.

ಈ ಶತಮಾನದ ಆರಂಭದ ವರ್ಷಗಳಲ್ಲಿ ಗ್ರಂಥಗಳ ಪುಟಗಳನ್ನು ಚಿತ್ರವಾಗಿ ಹಿಡಿಯುವ ಕಾರ್ಯವು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕೈಗೊಂಡ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡದ ಸಾವಿರಾರು ಗ್ರಂಥಗಳು ಸೇರಿದುವು. ಯಾವ ಅಂಗಡಿಯಲ್ಲಿಯೂ ದೊರೆಯದ ಗ್ರಂಥಗಳು ಮೊದಲ ಬಾರಿಗೆ ಹಳ್ಳಿಯ ಉಪಾಧ್ಯಾಯರ ಕೈಗೂ ಎಟುಕಿದುವು. ಆದರೆ ಹಕ್ಕುಸ್ವಾಮ್ಯದ ವ್ಯಾಜ್ಯಗಳಿಂದ ೨೦೧೭ರ ವೇಳೆಗೆ ಆ ತಾಣವು ಮುಚ್ಚಿಹೋಯಿತು. ಅಷ್ಟರಲ್ಲಿ ಕಾರ್ಲ್ ಮಾಲಮುದ್ ಎಂಬ ಅಮೆರಿಕದ ಗ್ರಂಥಪ್ರೇಮಿಯ ಪ್ರಯತ್ನದಿಂದ ಅದರ ಬಹುಭಾಗವು ಇಂಟರ್ನೆಟ್ ಆರ್ಕೈವ್ ಎಂಬ ಮುಕ್ತಭಂಡಾರಕ್ಕೆ ನಕಲಾಗಿದ್ದಿತು. ಇಂದು ಕಿಟ್ಟೆಲರ ನಿಘಂಟನ್ನೋ ಹಳೆಯ ಕಾವ್ಯಗಳ ಮುದ್ರಣಗಳನ್ನೋ ಮನೆಯಲ್ಲಿ ಕುಳಿತು ಓದುವವರು ಈ ನಕಲಿಗೆ ಋಣಿಗಳು. ಮೂಲಭಂಡಾರ ಮುಚ್ಚಿದರೂ ಪ್ರತಿ ಉಳಿಯಿತು. ಪೊನ್ನನ ವಿಷಯದಲ್ಲಿ ನಡೆದುದು ಮತ್ತೆ ನಡೆಯಿತು.

ಆದರೆ ಪುಟದ ಚಿತ್ರವು ಪಠ್ಯವಲ್ಲ. ಅದರಲ್ಲಿ ಪದವನ್ನು ಹುಡುಕಲಾಗದು, ಎರಡು ಪಾಠಗಳನ್ನು ಎದುರುಬದುರಾಗಿ ಇರಿಸಲಾಗದು, ವಿದ್ಯಾರ್ಥಿಗೆ ಬೇಕಾದ ಹತ್ತು ಪದ್ಯಗಳನ್ನು ಎತ್ತಿ ಕೊಡಲಾಗದು. ಇದಲ್ಲದೆ ಅನೇಕ ಗ್ರಂಥಗಳ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬಾಯಿಗೆ ಬಂದಂತೆ ಬರೆದಿರುವುದರಿಂದ ಗ್ರಂಥವಿದ್ದರೂ ಅದು ಇರುವುದೆಂದು ತಿಳಿಯುವುದೇ ಒಂದು ಸಂಶೋಧನೆಯಾಗಿದೆ. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಯಂತ್ರವಿದ್ಯೆಯು ಈಚೆಗೆ ಬಹಳ ಸುಧಾರಿಸಿರುವುದಾದರೂ, ಹಳೆಯ ಮೊಳೆಗಳ ಅಚ್ಚಿನಲ್ಲಿ ಪಕಾರ ಷಕಾರಗಳನ್ನೂ ಘಕಾರ ಫಕಾರಗಳನ್ನೂ ಅದು ಇನ್ನೂ ಅದಲುಬದಲು ಮಾಡುವುದು.

ಅಂತರ್ಜಾಲವು ಕಾವ್ಯಪಾಠಕ್ಕೆ ಏನು ಮಾಡಬಲ್ಲುದೆಂಬುದನ್ನು ತೋರಿಸಿಕೊಟ್ಟ ಮಾದರಿಯೆಂದರೆ ವಚನ ಸಂಚಯ. ಸಮಗ್ರ ಸಂಪುಟಗಳ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳನ್ನು ಯೂನಿಕೋಡಿನಲ್ಲಿ ಅಳವಡಿಸಿ, ಪದವೊಂದನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ತೋರಿಸುವ ತಾಣವಿದು. ಕನ್ನಡದ ಕೆಲವರು ಉತ್ಸಾಹಿ ತಂತ್ರಜ್ಞರೂ ಸಾಹಿತಿಗಳೂ ಸ್ವಯಂಸೇವೆಯಿಂದ ಇದನ್ನು ಕಟ್ಟಿದರು. ಬೂಸನಿಗೆ ಕಾಲುಶತಮಾನಕ್ಕೂ ಮೀರಿ ಹಿಡಿದಂತಹ ಪದಸೂಚಿ ಇಲ್ಲಿ ಕ್ಷಣಾರ್ಧದಲ್ಲಿ ಕಣ್ಣಮುಂದೆ ನಿಲ್ಲುವುದು. ತರಗತಿಯಲ್ಲಿ ಇದರ ಉಪಯೋಗಕ್ಕೆ ಒಂದು ನಿದರ್ಶನ: ಕಾಯಕವನ್ನೂ ಕೈಲಾಸವನ್ನೂ ಒಂದಾಗಿಸುವ ಪ್ರಸಿದ್ಧವಾದ ನುಡಿಯು ಬಸವಣ್ಣನವರದೆಂದು ಭಾಷಣಗಳಲ್ಲಿಯೂ ಗೋಡೆಬರಹಗಳಲ್ಲಿಯೂ ಕಾಣುವುದುಂಟು. ಹುಡುಕಿ ನೋಡಿದ ವಿದ್ಯಾರ್ಥಿಗೆ ಅದು ಅಮರೇಶ್ವರಲಿಂಗವೆಂಬ ಅಂಕಿತದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ ದೊರೆಯುವುದು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ಬದುಕಿದ ಶರಣನ ಬಾಯಲ್ಲಿ ಆ ಮಾತಿಗೆ ಬರುವ ತೂಕವೇ ಬೇರೆ. ಉಪಾಧ್ಯಾಯನು ಹೇಳಿ ಒಪ್ಪಿಸುವುದಕ್ಕಿಂತ ವಿದ್ಯಾರ್ಥಿಯು ತಾನೇ ಕಂಡುಕೊಳ್ಳುವುದು ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುವುದು. ಮೂಲದ ಗುರುತಿಲ್ಲದೆ ಮೊಬೈಲುಗಳಲ್ಲಿ ಸುತ್ತಾಡುವ ಕೃತಕ ವಚನಗಳನ್ನು ಪರೀಕ್ಷಿಸುವುದಕ್ಕೂ ಇದೇ ಒರೆಗಲ್ಲು.

ಕೋಶಗಳ ವಿಷಯದಲ್ಲಿಯೂ ಒಳ್ಳೆಯ ಕೆಲಸಗಳು ನಡೆದಿವೆ. ವಿ. ಕೃಷ್ಣ ಎಂಬವರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ಒಂದೂವರೆ ಲಕ್ಷ ಪದಗಳ ಕನ್ನಡ ಇಂಗ್ಲಿಷ್ ಕೋಶವು ೨೦೧೯ರಲ್ಲಿ ಅಲರ್ ಎಂಬ ಹ��ಸರಿನಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಯಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ೨೦೧೬ರಲ್ಲಿ ತೆರೆದ ಭಾರತವಾಣಿಯಲ್ಲಿ ನಾನಾ ಭಾಷೆಗಳ ಕೋಶಗಳಿವೆ. ಬರೋ ಎಮೆನೋ ಇಬ್ಬರ ದ್ರಾವಿಡ ವ್ಯುತ್ಪತ್ತಿಕೋಶವನ್ನು ಶಿಕಾಗೋ ವಿಶ್ವವಿದ್ಯಾಲಯವೂ, ಮೋನಿಯರ್ ವಿಲಿಯಮ್ಸರ ಸಂಸ್ಕೃತಕೋಶವನ್ನು ಕೊಲೋನ್ ವಿಶ್ವವಿದ್ಯಾಲಯವೂ ಹುಡುಕುವುದಕ್ಕೆ ಅನುಕೂಲವಾಗುವಂತೆ ಒದಗಿಸಿರುವುವು. ಸಂಸ್ಕೃತ ವಾಕ್ಯದ ಸಂಧಿಗಳನ್ನು ಬಿಡಿಸಿ ಪದಪದದ ರೂಪವನ್ನು ಹೇಳುವ ಯಂತ್ರಗಳನ್ನು ಪ್ಯಾರಿಸಿನ ಜೆರಾರ್ ಹ್ಯೂವೆಯವರೂ ಹೈದರಾಬಾದಿನ ಅಂಬಾ ಕುಲಕರ್ಣಿಯವರೂ ನಿರ್ಮಿಸಿರುವರು. ಪಾಠಶಾಲೆಯ ಪದಚ್ಛೇದವೆಂಬ ಮೊದಲನೆಯ ಅಂಗವು ಹೀಗೆ ಯಂತ್ರದ ವಶವಾಗುತ್ತಿದೆ. ಸಂಸ್ಕೃತಕ್ಕೆ ದೊರೆತ ಇಷ್ಟು ಅನುಕೂಲವು ಹಳಗನ್ನಡಕ್ಕೆ ಇನ್ನೂ ದೊರೆತಿಲ್ಲ. ಹಳಗನ್ನಡದಲ್ಲಿ ಪದವು ಕೋಶದಲ್ಲಿರುವ ರೂಪದಲ್ಲಿ ಪದ್ಯದಲ್ಲಿ ಇರುವುದೇ ಅಪೂರ್ವ. ಸಂಧಿಯಾಗಿ, ಆದೇಶವಾಗಿ, ವಿಭಕ್ತಿಯನ್ನು ಹೊತ್ತು, ಗುರುತೇ ಸಿಕ್ಕದಂತಾಗಿರುವುದು. ಧಾತುವನ್ನು ಬಲ್ಲವನಿಗೆ ಮಾತ್ರ ಕೋಶದ ಬಾಗಿಲು ತೆರೆಯುವುದು. ಬಲ್ಲವನಿಗೆ ಕೋಶದ ಅಗತ್ಯವೇ ಕಡಮೆ.

ನವೋದಯದ ಕವಿಗಳ ವಿಷಯದಲ್ಲಿ ತೊಡಕು ಬೇರೆ ತೆರನಾದುದು. ಭಾರತದ ಕಾನೂನಿನಂತೆ ಕವಿಯು ತೀರಿಕೊಂಡ ವರ್ಷದ ತರುವಾಯ ಅರವತ್ತು ವರ್ಷಗಳು ಕಳೆಯುವವರೆಗೆ ಕೃತಿಯ ಹಕ್ಕು ವಾರಸುದಾರರದು. ೧೯೬೩ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕೃತಿಗಳು ೨೦೨೪ರ ಆರಂಭದಿಂದಲೂ, ೧೯೬೪ರಲ್ಲಿ ಗತಿಸಿದ ಹಳಕಟ್ಟಿಯವರ ಬರಹಗಳು ೨೦೨೫ರಿಂದಲೂ ಸಾರ್ವಜನಿಕರ ಸ್ವತ್ತಾದುವು. ಬೇಂದ್ರೆಯವರು ೧೯೮೧ರಲ್ಲಿ, ಕುವೆಂಪು ೧೯೯೪ರಲ್ಲಿ ತೀರಿಕೊಂಡವರಾದುದರಿಂದ ಅವರ ಕೃತಿಗಳಿಗೆ ಇನ್ನೂ ಬಹಳ ಕಾಲವಿದೆ. ಕವಿಯ ಕುಟುಂಬಕ್ಕೆ ನ್ಯಾಯವಾಗಿ ಸಲ್ಲತಕ್ಕುದು ಸಲ್ಲಲೇಬೇಕು. ಆದರೆ ವಾರಸುದಾರರ ಅನುಮತಿಯನ್ನು ಕೇಳುವ ಕಷ್ಟವನ್ನೂ ತೆಗೆದುಕೊಳ್ಳದೆ, ತಪ್ಪುತಪ್ಪಾದ ಪಾಠವನ್ನು ಕವಿಯ ಹೆಸರಿನಲ್ಲಿ ಹರಡುವವರು ಕುಟುಂಬಕ್ಕೂ ಕವಿಗೂ ಒಮ್ಮೆಗೇ ಅಪಚಾರ ಮಾಡುವರು.

ಕನ್ನಡ ಕಾವ್ಯವು ಕಿವಿಗಾಗಿ ಹುಟ್ಟಿದುದು. ಗದುಗಿನ ಭಾರತವನ್ನು ಗಮಕಿಯು ಓದಿ ವ್ಯಾಖ್ಯಾನಕಾರನು ವಿವರಿಸಿದರೆ ಅಕ್ಷರ ಬಾರದವರೂ ರಾತ್ರಿಯೆಲ್ಲ ಎದ್ದು ಕೇಳುತ್ತಿದ್ದರು. ಈಗ ಗಮಕವಾಚನದ ಧ್ವನಿಮುದ್ರಣಗಳು ಅಂತರ್ಜಾಲದಲ್ಲಿ ಹೇರಳವಾಗಿ ದೊರೆಯುವುವು. ಭಾಮಿನಿಷಟ್ಪದಿಯ ನಡೆಯನ್ನು ಕಪ್ಪುಹಲಗೆಯ ಮೇಲೆ ಮಾತ್ರೆಗಳನ್ನು ಎಣಿಸಿ ತೋರಿಸುವುದಕ್ಕಿಂತ ಒಮ್ಮೆ ಕೇಳಿಸುವುದು ಮೇಲು. ಈ ಒಂದು ವಿಷಯದಲ್ಲಿ ಅಂತರ್ಜಾಲವು ಅಚ್ಚಿನ ಗ್ರಂಥಕ್ಕೆ ಎಂದೂ ಸಾಧ್ಯವಾಗದಿದ್ದುದನ್ನು ಸಾಧಿಸಿದೆಯೆಂದು ಧಾರಾಳವಾಗಿ ಒಪ್ಪಬೇಕು.

ಕಡೆಯದಾಗಿ ಕನ್ನಡ ವಿಕಿಸೋರ್ಸಿನ ಮಾತು. ಇದು ಹಕ್ಕುಮುಗಿದ ಗ್ರಂಥಗಳನ್ನು ಸಾರ್ವಜನಿಕರೇ ಬೆರಳಚ್ಚಿಸಿ ತಿದ್ದುವ ತಾಣ. ಒಂದು ಪಕ್ಕದಲ್ಲಿ ಹಳೆಯ ಮುದ್ರಣದ ಪುಟದ ಚಿತ್ರ, ಇನ್ನೊಂದು ಪಕ್ಕದಲ್ಲಿ ಅದರ ಪಠ್ಯ. ಎರಡನ್ನೂ ಹೋಲಿಸಿ ಯಾರಾದರೂ ತಿದ್ದಬಹುದು. ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ ಪುಟಕ್ಕೆ ಹಳದಿ, ಬೇರೊಬ್ಬರು ಮತ್ತೆ ನೋಡಿ ಒಪ್ಪಿದ ಪುಟಕ್ಕೆ ಹಸುರು. ತಿದ್ದಿದವನೇ ತನ್ನ ಪುಟವನ್ನು ಹಸುರುಮಾಡಲು ಅವಕಾಶವಿಲ್ಲ; ಎರಡನೆಯ ಕಣ್ಣು ಬೇಕೇ ಬೇಕು. ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಓಲೆಯ ಕೊನೆಯಲ್ಲಿ ಲಿಪಿಕಾರನು ಬೇಡಿಕೊಳ್ಳುತ್ತಿದ್ದ ಮಾತಿಗೆ ಇಲ್ಲಿ ಒಂದು ಕ್ರಮವೇ ಏರ್ಪಟ್ಟಿದೆ. ನಿವೃತ್ತರಾದ ಕನ್ನಡ ಪಂಡಿತರು ದಿನಕ್ಕೆ ಒಂದು ಪುಟದಂತೆ ನೋಡಿದರೂ ವರ್ಷಕ್ಕೆ ಒಂದು ಕಾವ್ಯವಾದೀತು. ೞಕಾರ ಯಾವುದು ಳಕಾರ ಯಾವುದು ಎಂದು ಒಂದೇ ನೋಟದಲ್ಲಿ ಹೇಳಬಲ್ಲವರು ಇನ್ನೂ ಅಲ್ಲಲ್ಲಿ ಇರುವರು. ಅವರ ಮನೆಗಳಲ್ಲಿ ಮೊಮ್ಮಕ್ಕಳ ಗಣಕಯಂತ್ರಗಳೂ ಇರುವುವು.